ಒಟಿಜಿ ಓವನ್ನಿನ ಶಾಖವನ್ನು ಅರಿತು ಬೇಯಿಸುವ ಕ್ರಮ

ಒಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಒಂದರಲ್ಲೇ ಇರುವ ಕರೆಂಟಿನ) ಓವನ್ ಕೊಂಡು ತಂದ ಉತ್ಸಾಹದಲ್ಲಿ ಮಾಡಿದ ಮೊದಲ ಕೇಕು ಅನೇಕರಿಗೆ ಮೇಲೆ ಕಪ್ಪಾಗಿ, ಒಳಗೆ ಹಸಿಯಾಗಿ, ಇಲ್ಲವೇ ನಡುವೆ ಕುಸಿದ ಸ್ಥಿತಿಯಲ್ಲಿ ಕೈಗೆ ಸಿಗುತ್ತದೆ. ಪಾಕವಿಧಾನ ಸರಿಯಿಲ್ಲವೆಂದೋ ತಮ್ಮ ಕೈಗುಣವೇ ಅಷ್ಟೆಂದೋ ಭಾವಿಸಿ ಅವರು ಓವನ್ನನ್ನು ಬ್ರೆಡ್ ಬಿಸಿ ಮಾಡುವುದಕ್ಕಷ್ಟೇ ಮೀಸಲಿಡುತ್ತಾರೆ. ನಾನು ಕಂಡಂತೆ ಇಂಥ ತೊಂದರೆಗಳ ಬಹುಪಾಲು ಹುಟ್ಟುವುದು ನಾಬ್ ತೋರಿಸುವ ಅಂಕಿಗೂ ಒಳಗಿನ ನಿಜವಾದ ಶಾಖಕ್ಕೂ ಇರುವ ಅಂತರದಿಂದ. ಆ ಅಂತರವನ್ನು ಒಮ್ಮೆ ಅಳೆದು ಬರೆದಿಟ್ಟುಕೊಂಡರೆ ಉಳಿದ ಕೆಲಸ ಬಹಳ ಸುಲಭವಾಗುತ್ತದೆ. ಆದ್ದರಿಂದ ಅಳತೆಯಿಂದಲೇ ಆರಂಭಿಸುತ್ತೇನೆ.

ಗ್ಯಾಸ್ ಒಲೆಯಲ್ಲಿ ಉರಿ ಕಣ್ಣಿಗೆ ಕಾಣುತ್ತದೆ, ಒಗ್ಗರಣೆಯ ಸದ್ದು ಕಿವಿಗೆ ಬೀಳುತ್ತದೆ, ಹೆಚ್ಚಾದರೆ ತಕ್ಷಣ ತಗ್ಗಿಸಬಹುದು. ಓವನ್ನಿನಲ್ಲಿ ಈ ಸೂಚನೆಗಳು ಯಾವುವೂ ಇಲ್ಲ. ಒಟಿಜಿಯ ಮೇಲೆ ಮತ್ತು ಕೆಳಗೆ ಇರುವ ಕಾಯುವ ರಾಡುಗಳನ್ನು ಥರ್ಮೋಸ್ಟಾಟ್ ಎಂಬ ಸಣ್ಣ ಸಾಧನ ಹಚ್ಚುತ್ತ ಆರಿಸುತ್ತ ಇರುತ್ತದೆ. ಅದು ತಾನಿರುವ ಜಾಗದ ಶಾಖವನ್ನು ಮಾತ್ರ ಅರಿಯುತ್ತದೆ, ಕೇಕಿನ ಟಿನ್ ಇರುವ ಜಾಗದ್ದನ್ನಲ್ಲ. ಹೀಗಾಗಿ 180 ಡಿಗ್ರಿಗೆ ತಿರುಗಿಸಿದ ಓವನ್ನಿನಲ್ಲಿ ಟಿನ್ನಿನ ಸುತ್ತ 160 ಇರಬಹುದು, 200 ಕೂಡ ಇರಬಹುದು. ಜೊತೆಗೆ ರಾಡು ಆರಿದಾಗ ಇಳಿದು, ಹತ್ತಿದಾಗ ಏರುವ ಶಾಖ ಒಂದೇ ಅಂಕಿಯಲ್ಲಿ ನಿಲ್ಲುವುದೂ ಇಲ್ಲ.

ಓವನ್ನಿನೊಳಗೆ ಇಡಲೆಂದೇ ಮಾಡಿದ ಲೋಹದ ಥರ್ಮಾಮೀಟರ್ ಕಡಿಮೆ ಬೆಲೆಗೇ ಸಿಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕೇಕಿನ ಟಿನ್ ಕೊಳ್ಳುವುದಕ್ಕೂ ಮೊದಲು ಕೊಳ್ಳಬೇಕಾದ ವಸ್ತು ಅದು. ಅದನ್ನು ನಡುವಿನ ಜಾಲರಿಯ ಮಧ್ಯದಲ್ಲಿಟ್ಟು, ಎರಡೂ ರಾಡುಗಳನ್ನು ಹಚ್ಚಿ, ನಾಬನ್ನು 180ಕ್ಕೆ ತಿರುಗಿಸಿ 20 ನಿಮಿಷ ಬಿಡಿ. ಆಮೇಲೆ ಬಾಗಿಲು ತೆರೆಯದೆ, ಗಾಜಿನ ಮೂಲಕವೇ ಐದೈದು ನಿಮಿಷಕ್ಕೊಮ್ಮೆ ನೋಡಿ ನಾಲ್ಕೈದು ಬಾರಿ ಅಂಕಿಯನ್ನು ಬರೆದುಕೊಂಡು ಅವುಗಳ ಸರಾಸರಿ ತೆಗೆಯಿರಿ. ಇದನ್ನೇ 150 ಮತ್ತು 200 ಡಿಗ್ರಿಗಳಲ್ಲೂ ಮಾಡಬೇಕು, ಏಕೆಂದರೆ ಅಂತರ ಎಲ್ಲ ಅಂಕಿಗಳಲ್ಲೂ ಒಂದೇ ಆಗಿರುತ್ತದೆ ಎನ್ನುವಂತಿಲ್ಲ. ನಾಬಿನ ಯಾವ ಅಂಕಿಗೆ ನಿಜವಾದ ಶಾಖ ಎಷ್ಟೆಂದು ಒಂದು ಚೀಟಿಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳಿ.

ಥರ್ಮಾಮೀಟರ್ ಇಲ್ಲದವರಿಗೆ ಸಕ್ಕರೆ ನೆರವಾಗುತ್ತದೆ. ಶುದ್ಧ ಸಕ್ಕರೆ ಸುಮಾರು 186 ಡಿಗ್ರಿಯಲ್ಲಿ ಕರಗುತ್ತದೆ. ಅಲ್ಯೂಮಿನಿಯಂ ಹಾಳೆಯನ್ನು ಪುಟ್ಟ ಬಟ್ಟಲಿನಂತೆ ಮಡಚಿ ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ ನಾಬ್ 175ರಲ್ಲಿರುವಂತೆ 15 ನಿಮಿಷ ಇಡಿ. ಆಗಲೇ ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಹೆಚ್ಚು ಕಾಯುತ್ತದೆ ಎಂದರ್ಥ. ಬೇರೆ ಸಕ್ಕರೆಯನ್ನು 190ರಲ್ಲಿ ಅಷ್ಟೇ ಹೊತ್ತು ಇಟ್ಟರೂ ಹರಳು ಹರಳಾಗಿಯೇ ಉಳಿದರೆ ಕಡಿಮೆ ಕಾಯುತ್ತದೆ ಎಂದರ್ಥ.

ಒಳಗಿನ ಯಾವ ಮೂಲೆ ಹೆಚ್ಚು ಬಿಸಿ ಎಂಬುದನ್ನೂ ತಿಳಿಯಬೇಕು. ಟ್ರೇಯ ತುಂಬ ಬ್ರೆಡ್ಡಿನ ಹೋಳುಗಳನ್ನು ಜೋಡಿಸಿ, ಕೆಲವು ಹೋಳು ಕೆಂಪಾಗುವವರೆಗೆ ಕಾಯಿಸಿ ಹೊರತೆಗೆದರೆ ಓವನ್ನಿನ ನಕ್ಷೆಯೇ ಎದುರಿಗೆ ಬರುತ್ತದೆ. ಸಾಮಾನ್ಯವಾಗಿ ಹಿಂಬದಿ ಬೇಗ ಕೆಂಪಾಗುತ್ತದೆ, ಬಾಗಿಲ ಬದಿ ಹಿಂದೆ ಬೀಳುತ್ತದೆ. ಬಿಸ್ಕತ್ತು, ಬನ್ನುಗಳ ಟ್ರೇಯನ್ನು ಸಮಯದ ಮೂರನೇ ಎರಡು ಭಾಗ ಕಳೆದ ಮೇಲೆ ಒಮ್ಮೆ ತಿರುಗಿಸಿಡಬೇಕಾದದ್ದು ಇದಕ್ಕಾಗಿಯೇ.

ಮುಂಚಿತವಾಗಿ ಕಾಯಿಸುವ ವಿಷಯದಲ್ಲಿ ಅವಸರ ಸಲ್ಲದು. ಓವನ್ನಿನ ಸೂಚಕ ದೀಪ ಆರಿತು ಎಂದರೆ ಒಳಗಿನ ಗಾಳಿ ಕಾಯಿತು ಎಂದಷ್ಟೇ ಅರ್ಥ. ಗೋಡೆ, ಜಾಲರಿ, ಟ್ರೇ ಇನ್ನೂ ಕಾದಿರುವುದಿಲ್ಲ. ಬಾಗಿಲು ತೆರೆದೊಡನೆ ಆ ಗಾಳಿ ಹೊರಗೆ ಹೋಗಿ, ಕೇಕು ಅರೆಬಿಸಿಯಲ್ಲಿ ಬೇಯಲು ಆರಂಭಿಸುತ್ತದೆ. ದೀಪ ಆರಿದ ಮೇಲೂ ಹತ್ತು ನಿಮಿಷ ಬಿಟ್ಟರೆ ಗೋಡೆಗಳಲ್ಲಿ ತುಂಬಿದ ಶಾಖ ಈ ನಷ್ಟವನ್ನು ತುಂಬಿಕೊಡುತ್ತದೆ.

ಕರೆಂಟಿನ ಬಗ್ಗೆಯೂ ಹೇಳಲೇಬೇಕು. 1500 ವಾಟಿನ ಓವನ್ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ಎಳೆಯುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಪ್ಲಗ್ಗಿನಲ್ಲಿ ಅದನ್ನು ಬಳಸುವುದು ಅಪಾಯ. ಗೀಸರಿಗೆ ಇರುವಂಥ 16 ಆಂಪಿಯರ್ ಸಾಕೆಟ್ಟಿಗೆ ನೇರವಾಗಿ ಜೋಡಿಸಬೇಕು, ತೆಳು ವೈರಿನ ಎಕ್ಸ್‌ಟೆನ್ಷನ್ ಬೇಡ. ಊರಿನಲ್ಲಿ ಸಂಜೆಯ ಹೊತ್ತು ವೋಲ್ಟೇಜ್ ಇಳಿಯುವುದಾದರೆ ಆ ಹೊತ್ತಿನ ಬೇಕಿಂಗ್ ನಿಧಾನವಾಗುತ್ತದೆ ಎಂಬುದೂ ಗೊತ್ತಿರಲಿ. ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ತಗ್ಗುವುದರಿಂದ, 230 ಇರಬೇಕಾದಲ್ಲಿ 200 ವೋಲ್ಟ್ ಬಂದರೆ 1500 ವಾಟಿನ ಓವನ್ ಸುಮಾರು 1130 ವಾಟಿನಷ್ಟೇ ಕೆಲಸ ಮಾಡುತ್ತದೆ. ಕೇಕು ಒಳಗಿರುವಾಗ ಕರೆಂಟು ಹೋದರೆ ಬಾಗಿಲು ತೆರೆಯಬೇಡಿ. ಚೆನ್ನಾಗಿ ಕಾದ ಓವನ್ ಸ್ವಲ್ಪ ಹೊತ್ತು ಶಾಖವನ್ನು ಹಿಡಿದಿಡುತ್ತದೆ, ಕೊನೆಯ ಹತ್ತು ನಿಮಿಷದ ಬೇಯುವಿಕೆ ಅದರಲ್ಲೇ ಮುಗಿಯಲೂಬಹುದು.

ಮನೆಯ ಒಟಿಜಿಗಳು ಚಿಕ್ಕವು. ಮೇಲಿನ ರಾಡಿಗೂ ಕೇಕಿಗೂ ನಡುವೆ ಹೆಚ್ಚು ಜಾಗ ಇರುವುದಿಲ್ಲವಾದ್ದರಿಂದ ರಾಡಿನ ನೇರ ಕಾವು ತಗುಲಿ ಮೇಲ್ಭಾಗ ಬೇಗ ಕಪ್ಪಾಗುತ್ತದೆ. ಟಿನ್ನಿನ ಕೆಳಭಾಗವಲ್ಲ, ಉಬ್ಬಿದ ಕೇಕಿನ ನಡುಭಾಗ ಓವನ್ನಿನ ಎತ್ತರದ ಮಧ್ಯಕ್ಕೆ ಬರುವಂತೆ ಜಾಲರಿಯನ್ನು ಇಡಬೇಕು; ಚಿಕ್ಕ ಓವನ್ನಿನಲ್ಲಿ ಇದು ಸಾಮಾನ್ಯವಾಗಿ ಕೆಳಗಿನ ಮೆಟ್ಟಿಲೇ ಆಗಿರುತ್ತದೆ. ಟಿನ್ನಿನ ಸುತ್ತ ಎರಡು ಬೆರಳಿನಷ್ಟಾದರೂ ಗಾಳಿಯಾಡಲು ಜಾಗ ಬಿಡಿ. ಮೇಲ್ಭಾಗ ಬೇಗ ಕೆಂಪಾಗುತ್ತಿದ್ದರೆ ಅಲ್ಯೂಮಿನಿಯಂ ಹಾಳೆಯನ್ನು ಸಡಿಲವಾಗಿ ಮುಚ್ಚಬಹುದು, ಆದರೆ ಕೇಕು ಪೂರ್ತಿ ಉಬ್ಬಿ ನಿಂತ ಮೇಲೆ ಮಾತ್ರ. ಫ್ಯಾನ್ ಇರುವ ಓವನ್ನಿನಲ್ಲಿ ಬಿಸಿ ಗಾಳಿ ವೇಗವಾಗಿ ತಾಗುವುದರಿಂದ ಪಾಕವಿಧಾನದಲ್ಲಿ ಹೇಳಿದ್ದಕ್ಕಿಂತ 15–20 ಡಿಗ್ರಿ ಕಡಿಮೆ ಇಡಿ. ಟಿನ್ನಿನ ಮಟ್ಟಿಗೆ, ಹೊಳೆಯುವ ಅಲ್ಯೂಮಿನಿಯಂ ಎಲ್ಲಕ್ಕಿಂತ ನಂಬಿಕಸ್ಥ. ಕಪ್ಪು ಟಿನ್ ಹೆಚ್ಚು ಕಾವು ಹೀರಿ ಅಂಚನ್ನು ಬೇಗ ಒಣಗಿಸುತ್ತದೆ, ಗಾಜಿನದು ತಡವಾಗಿ ಕಾದು ತಡವಾಗಿ ತಣಿಯುತ್ತದೆ.

ಇನ್ನು ಊರಿನ ಎತ್ತರ. ಕರ್ನಾಟಕದವರು ಇದಕ್ಕೆ ಕೊಡಬೇಕಾದಷ್ಟು ಗಮನ ಕೊಡುವುದಿಲ್ಲ ಎಂದು ನನಗೆ ಅನಿಸುತ್ತದೆ. ಮಂಗಳೂರು ಸಮುದ್ರಮಟ್ಟದಲ್ಲಿದೆ, ಬೆಂಗಳೂರು ಸುಮಾರು 920 ಮೀಟರ್, ಚಿಕ್ಕಮಗಳೂರು ಮತ್ತು ಮಡಿಕೇರಿ ಸಾವಿರ ಮೀಟರಿಗೂ ಮೇಲೆ. ಎತ್ತರ ಹೆಚ್ಚಿದಂತೆ ಗಾಳಿಯ ಒತ್ತಡ ತಗ್ಗುತ್ತದೆ. ಬೆಂಗಳೂರಿನಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಕಡಿಮೆಯಾದಾಗ ಬೇಕಿಂಗ್ ಪೌಡರ್ ಮತ್ತು ಸೋಡಾದಿಂದ ಬರುವ ಗಾಳಿಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ, ತೇವ ಬೇಗ ಆರುತ್ತದೆ. ಕೇಕಿನ ಒಡಲು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಹಿಗ್ಗಿ ಒಡೆದರೆ ನಡುಭಾಗ ಕುಸಿಯುತ್ತದೆ. ಕರಾವಳಿಯ ಬಂಧುಗಳು ಬರೆದುಕೊಟ್ಟ ಅಳತೆ ಅಲ್ಲಿ ಚೆನ್ನಾಗಿ ಬಂದು ಬೆಂಗಳೂರಿನಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. ಸಮುದ್ರಮಟ್ಟಕ್ಕೆಂದು ಬರೆದ ಪಾಕವಿಧಾನವನ್ನು ಬೆಂಗಳೂರಿನಲ್ಲಿ ಮಾಡುವಾಗ ಪ್ರತಿ ಚಮಚ ಬೇಕಿಂಗ್ ಪೌಡರಿಗೆ ಎಂಟನೇ ಒಂದು ಭಾಗ ಕಡಿಮೆ ಮಾಡಿ, ಒಂದೆರಡು ದೊಡ್ಡ ಚಮಚ ಹಾಲನ್ನೋ ಮೊಸರನ್ನೋ ಹೆಚ್ಚಿಸಿ, ಶಾಖವನ್ನು ಸುಮಾರು 10 ಡಿಗ್ರಿ ಏರಿಸಿ ನೋಡಿ. ಮೂರನ್ನೂ ಒಟ್ಟಿಗೆ ಬದಲಿಸುವುದಕ್ಕಿಂತ ಒಂದೊಂದಾಗಿ ಬದಲಿಸಿದರೆ ಯಾವುದರಿಂದ ಗುಣ ಕಂಡಿತೆಂಬುದು ತಿಳಿಯುತ್ತದೆ.

ಹೊರದೇಶದ ಪಾಕವಿಧಾನಗಳಲ್ಲಿ ಫ್ಯಾರನ್‌ಹೀಟ್ ಅಂಕಿ ಇರುತ್ತದೆ: ಅಲ್ಲಿನ 325 ಎಂದರೆ ನಮ್ಮ 163, 350 ಎಂದರೆ 177, 400 ಎಂದರೆ 204. ಅಮೆರಿಕದ ಅಳತೆಯ ಕಪ್ ಸುಮಾರು 240 ಮಿಲಿ. ಅದರಲ್ಲಿ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿದರೆ 120–125 ಗ್ರಾಂ ಬರುತ್ತದೆ, ಕಪ್ಪನ್ನೇ ಡಬ್ಬಿಗೆ ಅದ್ದಿ ತೆಗೆದರೆ 150 ಗ್ರಾಂವರೆಗೂ ಹೋಗುತ್ತದೆ. ಇಷ್ಟು ವ್ಯತ್ಯಾಸದಿಂದ ಮೆತ್ತನೆಯ ಕೇಕು ಒರಟಾಗಿಬಿಡುತ್ತದೆ. ಗ್ರಾಂ ತೋರಿಸುವ ತಕ್ಕಡಿಯೊಂದಿದ್ದರೆ ಈ ಗೊಂದಲವೇ ಇರದು.

ಮೇಲೆ ಹೇಳಿದ್ದನ್ನೆಲ್ಲ ಮೊಟ್ಟೆಯಿಲ್ಲದ ಮೊಸರಿನ ಕೇಕಿನಲ್ಲಿ ಪ್ರಯೋಗಿಸಿ ನೋಡಬಹುದು. ಹೊಸಬರಿಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲ. 185 ಗ್ರಾಂ ಮೈದಾ, 240 ಗ್ರಾಂ ಗಟ್ಟಿ ಮೊಸರು, 150 ಗ್ರಾಂ ಪುಡಿ ಸಕ್ಕರೆ, 120 ಮಿಲಿ ವಾಸನೆಯಿಲ್ಲದ ಎಣ್ಣೆ, ಒಂದೂಕಾಲು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಮತ್ತು ಏಲಕ್ಕಿ ಪುಡಿ ಬೇಕು. ಮೊಸರು ಫ್ರಿಜ್ಜಿನಿಂದ ಹೊರಬಂದು ಕೋಣೆಯ ಬಿಸಿಗೆ ಬಂದಿರಬೇಕು. ಮೊಸರಿಗೆ ಸಕ್ಕರೆ ಬೆರೆಸಿ ಕರಗಿಸಿ, ಎಣ್ಣೆ ಸೇರಿಸಿ ಚೆನ್ನಾಗಿ ಕಲಕಿ. ಉಳಿದ ಪುಡಿಗಳನ್ನೆಲ್ಲ ಮೈದಾದೊಂದಿಗೆ ಎರಡು ಬಾರಿ ಜರಡಿ ಹಿಡಿದು ಅದಕ್ಕೆ ಸೇರಿಸಿ, ಒಣಹಿಟ್ಟು ಕಾಣದಂತಾದ ಕೂಡಲೇ ಕಲಕುವುದನ್ನು ನಿಲ್ಲಿಸಿ, ಏಕೆಂದರೆ ಹೆಚ್ಚು ಕಲಕಿದಷ್ಟೂ ಮೈದಾದ ಜಿಗುಟು ಬೆಳೆದು ಕೇಕು ರಬ್ಬರಿನಂತಾಗುತ್ತದೆ. ಮೊಸರಿನ ಹುಳಿ ತಾಗಿದೊಡನೆ ಸೋಡಾ ಕೆಲಸ ಆರಂಭಿಸುವುದರಿಂದ ಕಲಸಿದ ಹಿಟ್ಟನ್ನು ಹಾಗೆಯೇ ಇಟ್ಟಿರುವಂತಿಲ್ಲ. ಓವನ್ ಮೊದಲೇ ಕಾದಿರಬೇಕು, 20 ಸೆಂಟಿಮೀಟರಿನ ದುಂಡನೆಯ ಟಿನ್ನಿಗೆ ಬಟರ್ ಪೇಪರ್ ಹಾಸಿ ಸಿದ್ಧವಾಗಿರಬೇಕು. ನಿಜವಾದ 180 ಡಿಗ್ರಿಯಲ್ಲಿ 35ರಿಂದ 40 ನಿಮಿಷ ಸಾಕಾಗುತ್ತದೆ.

ಮೊದಲ 25 ನಿಮಿಷ ಬಾಗಿಲು ತೆರೆಯಲೇಬೇಡಿ. ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬಾರದು, ಬೆರಳಿನಿಂದ ಮೆಲ್ಲಗೆ ಒತ್ತಿದ ಜಾಗ ಮೇಲೆದ್ದು ಬರಬೇಕು, ಅಂಚು ಟಿನ್ನಿನಿಂದ ತುಸು ಬಿಡಿಸಿಕೊಂಡಿರಬೇಕು. ಈ ಮೂರನ್ನೂ ಗಡಿಯಾರಕ್ಕಿಂತ ಹೆಚ್ಚು ನಂಬಿ. ಹೊರತೆಗೆದ ಕೇಕನ್ನು ಹತ್ತು ನಿಮಿಷ ಟಿನ್ನಿನಲ್ಲೇ ಬಿಟ್ಟು ಅನಂತರ ಜಾಲರಿಗೆ ಮಗುಚಬೇಕು. ಟಿನ್ನಿನಲ್ಲೇ ಪೂರ್ತಿ ತಣಿಯಲು ಬಿಟ್ಟರೆ ತಳ ಬೆವರಿ ಒದ್ದೆಯಾಗುತ್ತದೆ.

ಯೀಸ್ಟ್ ಹಾಕಿ ಮಾಡುವ ತಿನಿಸುಗಳಲ್ಲಿ ನಮ್ಮವರಿಗೆ ಬಹಳ ಪ್ರಿಯವಾದದ್ದು ಅಯ್ಯಂಗಾರ್ ಬೇಕರಿಗಳ ಖಾರದ ಬನ್. ಮನೆಯಲ್ಲಿ ಮಾಡುವುದಾದರೆ 300 ಗ್ರಾಂ ಮೈದಾಕ್ಕೆ ಒಂದೂವರೆ ಟೀ ಚಮಚ ಇನ್‌ಸ್ಟೆಂಟ್ ಯೀಸ್ಟ್, ಒಂದು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, ಸುಮಾರು 180 ಮಿಲಿ ಉಗುರುಬೆಚ್ಚನೆಯ ನೀರು ಸೇರಿಸಿ ಹತ್ತು ನಿಮಿಷ ನಾದಿ, ಕೊನೆಯಲ್ಲಿ 30 ಗ್ರಾಂ ಬೆಣ್ಣೆ ಸೇರಿಸಿ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಕರಿಬೇವುಗಳನ್ನು ಹಾಗೆಯೇ ಹೆಚ್ಚಿ ಹಾಕಬಹುದು, ಆದರೆ ಈರುಳ್ಳಿಯನ್ನು ಬಾಡಿಸಿ ಆರಿಸಿಯೇ ಹಾಕಬೇಕು. ಹಸಿ ಈರುಳ್ಳಿ ಉಪ್ಪು ತಾಗಿದೊಡನೆ ನೀರು ಬಿಟ್ಟು ಹಿಟ್ಟಿನ ಹದವನ್ನೇ ಕೆಡಿಸುತ್ತದೆ. ಹಿಟ್ಟು ಎಷ್ಟು ಹೊತ್ತು ಹುದುಗಬೇಕೆಂಬುದಕ್ಕೆ ಗಂಟೆಯ ಲೆಕ್ಕ ಹೇಳುವುದು ಸರಿಯಲ್ಲ. ಇಡ್ಲಿ ಹಿಟ್ಟು ಬೇಸಿಗೆಯ ಕಲಬುರಗಿಯಲ್ಲೂ ಡಿಸೆಂಬರಿನ ಬೆಂಗಳೂರಿನಲ್ಲೂ ಒಂದೇ ಹೊತ್ತಿಗೆ ಉಬ್ಬುವುದಿಲ್ಲವಷ್ಟೆ, ಇದೂ ಹಾಗೆಯೇ. ಗಾತ್ರ ಇಮ್ಮಡಿಯಾಗಿದೆಯೇ ಎಂದಷ್ಟೇ ನೋಡಿ. ಎಂಟು ಉಂಡೆ ಮಾಡಿ ಟ್ರೇಯಲ್ಲಿಟ್ಟು ಎರಡನೆಯ ಸಲ ಉಬ್ಬಲು ಬಿಟ್ಟಾಗ, ಬೆರಳಿನ ಗುರುತು ನಿಧಾನವಾಗಿ ತುಂಬಿಕೊಳ್ಳುವ ಹೊತ್ತಿಗೆ ಓವನ್ನಿಗೆ ಹೋಗಬೇಕು. ನಿಜವಾದ 190 ಡಿಗ್ರಿಯಲ್ಲಿ 18–20 ನಿಮಿಷಕ್ಕೆ ಬನ್ ಕೆಂಪಾಗುತ್ತದೆ. ಹೊರತೆಗೆದ ತಕ್ಷಣ ಬೆಣ್ಣೆ ಸವರಿದರೆ ಮೇಲ್ಮೈ ಮೆತ್ತಗೆ ಉಳಿಯುತ್ತದೆ.

ಸಿಹಿ, ಬನ್ನುಗಳಾಚೆ ದಿನನಿತ್ಯದ ಅಡುಗೆಗೂ ಓವನ್ ಒದಗುತ್ತದೆ. ಗೊಜ್ಜಿಗೆ ಬದನೆಕಾಯಿ ಸುಡಬೇಕಾದರೆ ನಾಲ್ಕೈದು ಕಡೆ ಚುಚ್ಚಿ, ಎಣ್ಣೆ ಸವರಿ 220 ಡಿಗ್ರಿಯಲ್ಲಿ 40 ನಿಮಿಷದಷ್ಟು ಇಡಿ. ಚುಚ್ಚದಿದ್ದರೆ ಒಳಗಿನ ಆವಿಗೆ ಅದು ಸಿಡಿಯಬಹುದು. ಕೆಂಡದ ಹೊಗೆಯ ಪರಿಮಳ ಇದರಲ್ಲಿ ಬರುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ತರಕಾರಿ ಹುರಿಯುವಾಗ ಹೋಳುಗಳು ಒಂದಕ್ಕೊಂದು ತಾಗದಂತೆ ಹರಡಿ. ಒತ್ತಾಗಿ ತುಂಬಿದರೆ ಅವು ತಮ್ಮದೇ ಆವಿಯಲ್ಲಿ ಬೆಂದು ಮೆತ್ತಗಾಗುತ್ತವೆ.

ಕೇಕು ಹೊರಬಂದ ಮೇಲೂ ಓವನ್ನಿನಲ್ಲಿ ಸಾಕಷ್ಟು ಶಾಖ ಉಳಿದಿರುತ್ತದೆ, ಅದನ್ನು ವ್ಯರ್ಥ ಮಾಡಬೇಡಿ. ನಾಬನ್ನು 160ಕ್ಕೆ ತಗ್ಗಿಸಿ ಶೇಂಗಾವನ್ನು ಒಂದೇ ಪದರವಾಗಿ ಹರಡಿ, ನಡುವೆ ಎರಡು ಸಲ ಕೈಯಾಡಿಸಿದರೆ 15–20 ನಿಮಿಷಕ್ಕೆ ಚಟ್ನಿಪುಡಿಗೆ ಬೇಕಾದ ಹದಕ್ಕೆ ಬರುತ್ತದೆ. ಅದಾದ ಮೇಲೆ ಓವನ್ ಆರಿಸಿ, ಮಳೆಗಾಲದ ತೇವಕ್ಕೆ ಮೆತ್ತಗಾದ ಬಿಸ್ಕತ್ತು, ರಸ್ಕುಗಳನ್ನು ಹತ್ತು ನಿಮಿಷ ಒಳಗಿಡಬಹುದು. ಬಿಸಿಯಿರುವಾಗ ಅವು ಮೆತ್ತಗೇ ಕಂಡರೂ ತಣಿದಂತೆ ಗರಿಗರಿಯಾಗುತ್ತವೆ; ಪೂರ್ತಿ ತಣಿದ ಮೇಲೆಯೇ ಡಬ್ಬಿಯ ಮುಚ್ಚಳ ಹಾಕಿ.