ಗುರಾಣಿ ಕಂಡ ತಕ್ಷಣ ಗಂಡಸು ಅಂದುಕೊಂಡೆ

ಅಜ್ಟೆಕ್ ಜನರ ಚಿತ್ರಲಿಪಿ ಓದುವ ಹುಚ್ಚು ನನಗೆ ಹತ್ತಿದ್ದು ಮೆಂಡೋಸಾ ಕೋಡೆಕ್ಸ್ ಅನ್ನೋ ಹಳೆಯ ಕೈಬರಹದ ಚಿತ್ರಪುಸ್ತಕದಿಂದ. 1541ರ ಸುಮಾರಿಗೆ ಮೆಕ್ಸಿಕೊದಲ್ಲಿ ಆದದ್ದು, ಈಗ ಆಕ್ಸ್‌ಫರ್ಡ್‌ನಲ್ಲಿದೆ. ಅದರ 57ನೇ ಹಾಳೆಯಲ್ಲಿ ಸೂಲಗಿತ್ತಿ ಮಗುವಿಗೆ ನೀರು ಹಾಕುವ ಚಿತ್ರ. ಗಂಡಾದರೆ ಗುರಾಣಿ, ಬಾಣ. ಹೆಣ್ಣಾದರೆ ಪೊರಕೆ, ಕದಿರು, ಬುಟ್ಟಿ. ಪಕ್ಕದಲ್ಲಿ ಮೂರು ಹುಡುಗರು ಹುರಿದ ಮುಸುಕಿನ ಜೋಳ ತಿನ್ನುತ್ತಾ ಮಗುವಿನ ಹೆಸರು ಕೂಗಿ ಹೇಳುತ್ತಾರೆ. ಗುರಾಣಿ ಅಂದ್ರೆ ಗಂಡಸು ಅಂತ ಅವತ್ತೇ ತಲೆಯಲ್ಲಿ ಕೂತುಬಿಟ್ಟಿತು.

ಆಮೇಲೆ ಬೋತುರೀನಿ ಕೋಡೆಕ್ಸ್ ಹಿಡಿದೆ. ಅಜ್ಟೆಕರು ಅಸ್ತ್ಲಾನ್ ದ್ವೀಪ ಬಿಟ್ಟು ಹೊರಟ ಕಥೆ, ಮಡಿಚಿದ ಉದ್ದನೆಯ ಹಾಳೆ. ನಾಲ್ಕು ಜನ ಬೆನ್ನ ಮೇಲೆ ದೇವರ ಗಂಟು ಹೊತ್ತು ಸಾಲಾಗಿ ನಡೆಯುತ್ತಿದ್ದಾರೆ, ಒಬ್ಬೊಬ್ಬರಿಗೂ ಒಂದು ಹೆಸರಿನ ಚಿತ್ರ ಅಂಟಿಕೊಂಡಿದೆ. ಕನ್ನಡಿ, ಹಾವು ಅಂತೆಲ್ಲ ಯೋಚಿಸುತ್ತಾ ಎಕ್ಸೆಲ್‌ನಲ್ಲಿ 'ಗಂಟು ಹೊತ್ತಿದ್ದಾನೆ' ಅಂತ ಬರೆದು ನಾಲ್ಕೂ ಸಾಲಿಗೆ ಎಳೆದುಬಿಟ್ಟೆ. ಕನ್ನಡಿ ಜೊತೆ ಹಾವು ಇದ್ದರೆ ತೆಸ್ಕಾಕೋವಾತ್ಲ್, ಹದ್ದಿನ ಜೊತೆ ಹಾವು ಇದ್ದರೆ ಕ್ವಾವ್‌ಕೋವಾತ್ಲ್. ಕೊನೆಯವರಿಗೆ ದುಂಡನೆಯ ಗುರಾಣಿ, ಅಜ್ಟೆಕರ ನಹುವಾತ್ಲ್ ಭಾಷೆಯಲ್ಲಿ ಚಿಮಾಲ್ಲಿ. ಹೆಸರು ಚಿಮಾಲ್ಮಾ. ಆಕೆ ಹೆಂಗಸು!

ತಪ್ಪು ಗೊತ್ತಾಗಿದ್ದು ಮೊದಲ ಪುಟಕ್ಕೆ ವಾಪಸ್ ಹೋದಾಗ. ಅಲ್ಲಿ ಅದೇ ಗುರಾಣಿ ಒಬ್ಬಾಕೆಯ ಹೆಸರಾಗಿದೆ, ಕಾಲು ಮಡಿಚಿ ಕೂತಿದ್ದಾಳೆ, ಕೂದಲು ಸುತ್ತಿ ಹಣೆಯ ಮೇಲೆ ಎರಡು ಕೊಂಬಿನ ಥರ ಕಟ್ಟಿದ್ದಾಳೆ. ಹೆಣ್ಣೋ ಗಂಡೋ ಅನ್ನೋದನ್ನ ಹೇಳುವುದು ಮೈ, ಬಟ್ಟೆ, ತುರುಬು. ಹೆಸರಿನ ಚಿತ್ರ ಬರೀ ಗುರಾಣಿ ಅಷ್ಟೇ.

ಇನ್ನೊಂದು ತಮಾಷೆ ನೋಡಿ. ನಹುವಾತ್ಲ್ ಕ್ರಿಯಾಪದದಲ್ಲಿ ಅವನು-ಅವಳು ಭೇದ ಇಲ್ಲ. ಅದರಲ್ಲೇ ಟಿಪ್ಪಣಿ ಬರೆದಿದ್ದರೆ ನನ್ನ ತಪ್ಪು ಹೊರಗೆ ಬರುತ್ತಲೇ ಇರಲಿಲ್ಲ. ಕನ್ನಡದಲ್ಲಿ 'ಹೊತ್ತಿದ್ದಾನೆ', 'ಹೊತ್ತಿದ್ದಾಳೆ' ಯಾವುದೋ ಒಂದು ಆರಿಸಲೇಬೇಕು, ಅಲ್ವಾ?

1540ರ ಆಸುಪಾಸಿನ ನಹುವಾತ್ಲ್ ಭಾಷೆಯ ಜನಗಣತಿಯಲ್ಲಿ, ಅದು ಅಕ್ಷರದಲ್ಲೇ ಬರೆದದ್ದು, ಹೆಣ್ಣುಮಕ್ಕಳ ಹೆಸರು ಜಾಸ್ತಿ ಹುಟ್ಟಿದ ಕ್ರಮದ ಮೇಲೆ. ತೆಯಾಕಾಪಾನ್ ಅಂದರೆ ಮೊದಲನೆಯವಳು, ತ್ಲಾಕೋ ನಡುವಿನವಳು, ಶೋಕೋ ಕಿರಿಯವಳು. ನಮ್ಮ ದೊಡ್ಡಮ್ಮ, ಪುಟ್ಟಮ್ಮ ಇದ್ದ ಹಾಗೆ. ಅದನ್ನು ಓದಿದ ಮೇಲೆ ಚಿಮಾಲ್ಮಾಳ ಹೆಸರು ಇನ್ನೂ ಇಷ್ಟವಾಯಿತು.

ಈಗ ಮೊದಲು ತುರುಬು, ಬಟ್ಟೆ, ಕೂತ ರೀತಿ ಬರೆದುಕೊಳ್ಳುತ್ತೇನೆ. ಹೆಸರು ಕೊನೆಗೆ. ಮೊದಲ ಪುಟದಲ್ಲಿ ಅವಳ ಜೊತೆಗೆ ಕೂತ ಗಂಡಸಿಗೆ ಹೆಸರಿನ ಚಿತ್ರವೇ ಇಲ್ಲ, ಅವನ ಕಾಲಂ ಖಾಲಿ ಬಿಟ್ಟಿದ್ದೇನೆ.