ಜೀವಂತ ಇ. ಕೋಲಿಯನ್ನು ಎಎಫ್‌ಎಂ ಕೆಳಗೆ ಕೂರಿಸಿದ್ದು: ನನ್ನ ಅನುಭವ

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆ ಹೊತ್ತಿಗೆ ಒಂದು ಇ. ಕೋಲಿ ಬ್ಯಾಕ್ಟೀರಿಯಾ ನನ್ನ ಕಣ್ಣೆದುರೇ ಎರಡಾಯಿತು. ಎಎಫ್‌ಎಂ ಅಂದರೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್: ಕ್ಯಾಂಟಿಲಿವರ್ ಅನ್ನುವ ಪುಟ್ಟ ಪಟ್ಟಿಯ ತುದಿಯಲ್ಲಿರುವ ಚೂಪು ಮೊನೆ (ಟಿಪ್) ಸಾಲು ಸಾಲಾಗಿ ಸವರುತ್ತ ಚಿತ್ರ ಕಟ್ಟುತ್ತದೆ. ಒಂದು ಚಿತ್ರ ಅಂದರೆ ಒಂದು ಸ್ಕ್ಯಾನ್. ಮೊದಲು ನಡುವೆ ಸಣ್ಣದೊಂದು ಗೆರೆ ಕಂಡಿತು. ಮುಂದಿನ ಸ್ಕ್ಯಾನಿಗೆ ಆ ಗೆರೆ ಹಳ್ಳವಾಗಿತ್ತು. ಇನ್ನೂ ಎಂಟು-ಹತ್ತು ಸ್ಕ್ಯಾನ್ ಆಗುವಷ್ಟರಲ್ಲಿ ಅಕ್ಕಪಕ್ಕ ಎರಡು ಸೆಲ್. ಅದೂ ದ್ರವದೊಳಗೆ, ಸೆಲ್ ಕೊಂದು ಗಟ್ಟಿಯಾಗಿಸುವ ಗ್ಲುಟರಾಲ್ಡಿಹೈಡ್ ಸೋಕಿಸದೆ. "ಜೀವ ಇರೋ ಬ್ಯಾಕ್ಟೀರಿಯಾ ಟಿಪ್ ಕೆಳಗೆ ನಿಲ್ಲಲ್ಲ, ಸುಮ್ನೆ ದುಡ್ಡು ಹಾಳು ಮಾಡ್ಬೇಡ" ಅಂತ ಲ್ಯಾಬಿನಲ್ಲಿ ಹೇಳದವರೇ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೊರದೇಶದ ಲ್ಯಾಬುಗಳು ಇದನ್ನು ಮಾಡಿ ಎಷ್ಟೋ ವರ್ಷ ಆಯಿತು, ಗೊತ್ತು. ಪೇಪರಿನಲ್ಲಿ ಅದು ಎರಡು ಸಾಲು. ನನಗೆ ಹಿಡಿದದ್ದು ಹತ್ತಿರ ಹತ್ತಿರ ಹನ್ನೊಂದು ತಿಂಗಳು.

ಕಷ್ಟವೆಲ್ಲ ಕೂರಿಸುವುದರಲ್ಲೇ ಇದೆ. ಎರಡು ಮೈಕ್ರಾನ್ ಉದ್ದದ ಗುಳಿಗೆಯಂಥ ಸೆಲ್ ಅದು. ಟಿಪ್ ಪಕ್ಕದಿಂದ ತಳ್ಳಿದರೆ ಉರುಳುತ್ತದೆ. ಎಲ್ಲರ ಹಾಗೆ ನಾನೂ ಸೆಲ್ ಅಂಟಿಸುವ ಪಾಲಿ-ಎಲ್-ಲೈಸಿನ್‌ನಿಂದ ಶುರು ಮಾಡಿದೆ. ಚಿತ್ರದಲ್ಲಿ ಅರ್ಧ ಸೆಲ್ ಚೆನ್ನಾಗಿ ಬರುತ್ತಿತ್ತು, ಅಲ್ಲಿಂದ ಮುಂದೆ ಬರೀ ಅಡ್ಡಗೆರೆ. ಸೆಲ್ ಕಿತ್ತುಕೊಂಡು ಟಿಪ್ಪಿಗೇ ಅಂಟಿರುತ್ತಿತ್ತು. ಇನ್ನೂ ಕೆಟ್ಟದ್ದು ಬೇರೆ ಇತ್ತು. ಚೆನ್ನಾಗಿ ಅಂಟಿದ ಸೆಲ್‌ಗಳಿಗೆ ಪ್ರೊಪಿಡಿಯಂ ಅಯೋಡೈಡ್ (ಪೊರೆ ಕೆಟ್ಟ ಸೆಲ್ಲಿಗಷ್ಟೇ ಹತ್ತುವ ಕೆಂಪು ಬಣ್ಣ) ಹಾಕಿ ನೋಡಿದರೆ ಮುಕ್ಕಾಲು ಭಾಗ ಕೆಂಪು. ಹಿಡಿದಿಟ್ಟ ಲೈಸಿನ್ನೇ ಅವುಗಳ ಪೊರೆ ಕೆಡಿಸುತ್ತಿತ್ತು.

ಆಮೇಲೆ ಸಣ್ಣ ಸಣ್ಣ ತೂತಿನ ಪಾಲಿಕಾರ್ಬೊನೇಟ್ ಫಿಲ್ಟರ್. ದುಂಡಗಿನ ಸ್ಟಾಫಿಲೋಕಾಕಸ್ ಬ್ಯಾಕ್ಟೀರಿಯಾ ಆದರೆ ಆ ತೂತಿನಲ್ಲಿ ಕೂರುತ್ತದೆ, ಉದ್ದನೆಯ ಇ. ಕೋಲಿ ಕೂರುವುದಿಲ್ಲ. ಗ್ಲುಟರಾಲ್ಡಿಹೈಡ್ ಹಾಕಿದಾಗ ಚಿತ್ರ ಬಹಳ ಚೆನ್ನಾಗಿ ಬಂತು. "ಇಷ್ಟು ಸಾಕಲ್ವಾ?" ಅಂದರು ಸರ್. ನನಗೆ ಸಾಕಾಗಲಿಲ್ಲ. ಪಾಲಿಮಿಕ್ಸಿನ್ ಅನ್ನುವ ಆಂಟಿಬಯಾಟಿಕ್ ಬಿದ್ದಾಗ ಸೆಲ್ಲಿನ ಮೈ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ. ಸತ್ತ ಸೆಲ್ಲಿನ ಮೇಲೆ ಅದನ್ನು ಕೇಳುವುದು ಹೇಗೆ?

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಮೊದಲ ಐದು ತಿಂಗಳಲ್ಲಿ ಹದಿನಾಲ್ಕೋ ಹದಿನೈದೋ ಟಿಪ್ ಹೋದವು. ಒಂದಕ್ಕೆ ಎರಡೂವರೆ ಸಾವಿರದ ಆಸುಪಾಸು. ಹೊರಗಿನ ಸೆಂಟರಿನಲ್ಲಿ ಗಂಟೆಗೆ ಆರುನೂರು ಕೊಟ್ಟು ನಾಲ್ಕು ಗಂಟೆ ಬುಕ್ ಮಾಡಿದರೆ ಡ್ರಿಫ್ಟ್ (ಚಿತ್ರ ತಾನಾಗಿ ಸರಿಯುವುದು) ನಿಲ್ಲುವುದಕ್ಕೇ ಒಂದು ಗಂಟೆ ಬೇಕು. ಕೊನೆಗೆ ನಮ್ಮಲ್ಲೇ ಮೂಲೆ ಸೇರಿದ್ದ ಹಳೆಯ ಮಷೀನಿಗೆ ಬಂದೆ. ಅದಕ್ಕೆ ಕಂಪನ ತಡೆಯುವ ಟೇಬಲ್ ಇರಲಿಲ್ಲ. ಅಡುಗೆಮನೆ ಕಟ್ಟೆಗೆ ಹಾಕುವ ಗ್ರಾನೈಟ್ ಚಪ್ಪಡಿಯ ತುಂಡೊಂದನ್ನು ತಂದು, ಕಬ್ಬಿಣದ ಚೌಕಟ್ಟಿಗೆ ನಾಲ್ಕು ಸೈಕಲ್ ಟ್ಯೂಬಿನಿಂದ ತೂಗುಹಾಕಿದೆ. ಆಟೋ ಬಾಡಿಗೆ ಸೇರಿ ಮೂರು ಸಾವಿರ ದಾಟಲಿಲ್ಲ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುವಾಗ ಮಾತ್ರ ಅದೂ ಸೋತಿತು. ಉಳಿದ ದಿನ ಮೈಕಾದ (ಸುಲಿದರೆ ನುಣುಪಾದ ಮೈ ಸಿಗುವ ಅಭ್ರಕ) ಮೇಲಿನ ನಾಯ್ಸ್ ಸೆಂಟರಿನ ಮಷೀನಿಗಿಂತ ಜಾಸ್ತಿ ಏನೂ ಇರಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇದೆ.

ಈಗ ಸೆಲ್ ಹಿಡಿದಿಡಲು ಕೊನೆಗೆ ಕೈಹಿಡಿದ ಜೆಲಾಟಿನ್ ವಿಷಯ. ಬೇಕರಿ ಸಾಮಾನಿನ ಅಂಗಡಿಯ ಜೆಲಾಟಿನ್ ಕೆಲಸಕ್ಕೆ ಬರಲಿಲ್ಲ. ಸ್ಟೋರಿನಲ್ಲಿ ಹಂದಿ ಚರ್ಮದ ಜೆಲಾಟಿನ್ ಬಾಟಲಿಯೊಂದು ಬಿದ್ದಿತ್ತು, ಅದು ಹಿಡಿಯಿತು. 100 ಮಿ.ಲೀ. ನೀರಿಗೆ ಅರ್ಧ ಗ್ರಾಂ, ಜೊತೆಗೆ 10 ಮಿಲಿಗ್ರಾಂನಷ್ಟು ಕ್ರೋಮ್ ಆಲಂ. ಕುದಿಸಿದ ನೀರಲ್ಲಿ ಕರಗಿಸಿ, 60 ಡಿಗ್ರಿ ಹತ್ತಿರ ಆರಿದ ಮೇಲೆ, ಆಗಷ್ಟೇ ಟೇಪಿನಲ್ಲಿ ಸುಲಿದ ಮೈಕಾ ಅದ್ದಿ ತೆಗೆಯಬೇಕು. ಅಂಚಿನ ಮೇಲೆ ನೆಟ್ಟಗೆ ನಿಲ್ಲಿಸಿ ರಾತ್ರಿಯಿಡೀ ಒಣಗಿಸಬೇಕು. ಮಲಗಿಸಿದರೆ ಜೆಲಾಟಿನ್ ಅಲ್ಲಲ್ಲಿ ದಪ್ಪಗೆ ನಿಂತು ಟಿಪ್ ಅಂಟಿಕೊಳ್ಳುತ್ತದೆ.

ಇಷ್ಟು ಮಾಡಿಯೂ ಎರಡು ತಿಂಗಳು ಸೆಲ್ ನಿಲ್ಲಲಿಲ್ಲ. ತಪ್ಪು ಪಿಬಿಎಸ್‌ನದು, ಅಂದರೆ ಲ್ಯಾಬಿನ ಉಪ್ಪುನೀರಿನ ಬಫರ್‌ನದು. ಸೆಲ್ ತೊಳೆಯಲು ಪಿಬಿಎಸ್ ಬಿಟ್ಟು ಬೇರೆ ಯೋಚನೆಯೇ ನನಗೆ ಬಂದಿರಲಿಲ್ಲ. ಒಂದು ಸಂಜೆ ಆಟೋಕ್ಲೇವ್ ಮಾಡಿದ ಪಿಬಿಎಸ್ ಮುಗಿದಿತ್ತು. ಬರೀ ನೀರಿನಲ್ಲಿ ತೊಳೆದು ಹಾಕಿದೆ. ಹತ್ತು ನಿಮಿಷ ಬಿಟ್ಟು ಜೋರಾಗಿ ನೀರು ಹಾಯಿಸಿದರೂ ಮೈಕಾ ತುಂಬ ಸೆಲ್! ಅನುಮಾನ ಬಂದು ಅದರ ಮೇಲೇ ಸ್ವಲ್ಪ ಪಿಬಿಎಸ್ ಬಿಟ್ಟೆ. ಮೇಲಿನ ಕ್ಯಾಮೆರಾದಲ್ಲಿ ನೋಡುತ್ತಿದ್ದಂತೆ ಒಂದೊಂದೇ ಸೆಲ್ ಒಂದು ತುದಿ ಎತ್ತಿತು, ಅಲ್ಲಾಡಿತು, ತೇಲಿಹೋಯಿತು. ಉಪ್ಪು ಜಾಸ್ತಿಯಾದರೆ ಜೆಲಾಟಿನ್ ಹಿಡಿತ ಬಿಡುತ್ತದೆ, ಅಷ್ಟೇ ವಿಷಯ. ಆದರೆ ಬರೀ ನೀರಿನಲ್ಲಿ ಸೆಲ್ ಬೆಳೆಯುವುದಿಲ್ಲ. ಬೆಳೆಯಲು ಬೇಕಾದಷ್ಟು ಆಹಾರ ಇರಬೇಕು, ಹಿಡಿತ ಬಿಡುವಷ್ಟು ಉಪ್ಪು ಇರಬಾರದು. ಆ ಹದ ಸಿಕ್ಕಿದೆ. ಮೀಡಿಯಂ ಎಷ್ಟು ತೆಳು ಮಾಡಿದೆ, ಕಲ್ಚರ್ ಯಾವ ಹೊತ್ತಿನಲ್ಲಿ ತೆಗೆದೆ ಅನ್ನುವ ಎರಡು ಮಾತು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ.

ಸೆಟ್ಟಿಂಗ್ ವಿಷಯದಲ್ಲಿ ಮುಚ್ಚುಮರೆ ಇಲ್ಲ. 0.03 ನ್ಯೂಟನ್/ಮೀಟರ್ ಆಸುಪಾಸಿನ ಮೆತ್ತನೆ ಕ್ಯಾಂಟಿಲಿವರ್, ಹಳೆಯ ಕಾಂಟ್ಯಾಕ್ಟ್ ಮೋಡ್ (ಟಿಪ್ ತಾಗಿಕೊಂಡೇ ಸಾಗುವ ವಿಧಾನ), ಟಿಪ್ ಒತ್ತುವ ಬಲ ಅರ್ಧ ನ್ಯಾನೋನ್ಯೂಟನ್ ಒಳಗೆ. 256 ಸಾಲು, ಸೆಕೆಂಡಿಗೆ ಒಂದು. ಅಂದರೆ ಒಂದು ಚಿತ್ರಕ್ಕೆ ನಾಲ್ಕು ನಿಮಿಷ ಚಿಲ್ಲರೆ. ಇಳಿಸುವ ಮುಂಚೆ ಟಿಪ್ಪಿನ ಮೇಲೇ ಒಂದು ಹನಿ ಇಡಿ, ಗುಳ್ಳೆಯ ಕಾಟ ತಪ್ಪುತ್ತದೆ. ಎಸಿ ಆರಿಸಿ, ನಲವತ್ತು ನಿಮಿಷ ಕೈ ಕಟ್ಟಿ ಕೂರಿ. ಚಿನ್ನದ ಲೇಪ ಇರುವ ಕ್ಯಾಂಟಿಲಿವರ್ ಸ್ವಲ್ಪ ಬಿಸಿ-ತಂಪಾದರೂ ಬಾಗುತ್ತದೆ. ಆಗ ನೀವು ಕೊಟ್ಟ ಬಲ ಒಂದು, ಸೆಲ್ಲಿಗೆ ಬಿದ್ದ ಬಲ ಇನ್ನೊಂದು.

ಕಾಯುವ ದಿನಗಳಲ್ಲಿ ಸುಮ್ಮನೆ ಕೂರಲಾಗದೆ ಮನೆಯ ಮೊಸರಿನ ತಿಳಿಯನ್ನೂ ಹಾಕಿ ನೋಡಿದೆ. ಜಿಡ್ಡು ಟಿಪ್ಪಿಗೆ ಹತ್ತಿ ಪ್ರತಿ ಸೆಲ್ಲಿನ ಪಕ್ಕದಲ್ಲೂ ಅದರದ್ದೇ ಜೋಡಿ ನೆರಳು. ಮೂರು ಸಲ ಸೆಂಟ್ರಿಫ್ಯೂಜ್ ಮಾಡಿದರೂ ಹೋಗಲಿಲ್ಲ, ಕೈಬಿಟ್ಟೆ. ಪಿಯುಸಿ19 ಪ್ಲಾಸ್ಮಿಡ್ (ಬಳೆಯಂಥ ಸಣ್ಣ ಡಿಎನ್‌ಎ) ಮಾತ್ರ ಖುಷಿ ಕೊಟ್ಟಿತು. ಒಂದೇ ಕಡೆ ಕತ್ತರಿಸಿ, ಮೆಗ್ನೀಸಿಯಂ ಹಾಕಿ ಮೈಕಾದ ಮೇಲೆ ಹರಡಿ, ದಾರದ ಉದ್ದ ಅಳೆದೆ. 2686 ಬೇಸ್ ಜೋಡಿ, ಒಂದಕ್ಕೆ 0.34 ನ್ಯಾನೋಮೀಟರ್ ಹಿಡಿದರೆ 913 ಬರಬೇಕು. ನನಗೆ ಸರಾಸರಿ 900ರ ಹತ್ತಿರ ಬಂತು. ಮೂಲೆಗೆ ತಳ್ಳಿದ್ದ ಮಷೀನು ಇದು, ನೆನಪಿರಲಿ.

2010ರಲ್ಲಿ ಫ್ಯಾಂಟ್ನರ್ ಮತ್ತು ಜೊತೆಯವರು ಬ್ಯಾಕ್ಟೀರಿಯಾ ಕೊಲ್ಲುವ ಸಿಎಂ15 ಪೆಪ್ಟೈಡ್ ಬಿದ್ದ ಇ. ಕೋಲಿಯನ್ನು 13 ಸೆಕೆಂಡಿಗೆ ಒಂದು ಚಿತ್ರದಂತೆ ತೆಗೆದಿದ್ದರು. ನನ್ನದು ನಾಲ್ಕು ನಿಮಿಷಕ್ಕೆ ಒಂದು. ಆದರೂ ಪಾಲಿಮಿಕ್ಸಿನ್ ಬಿಟ್ಟ ಮೇಲೆ ನುಣ್ಣಗಿದ್ದ ಮೈ ಸುಕ್ಕಾಗುವುದು ಸ್ಪಷ್ಟವಾಗಿ ಕಂಡಿತು. ಅಕ್ಕಪಕ್ಕದ ಎರಡು ಸೆಲ್‌ಗಳಲ್ಲಿ ಒಂದು ಮೂರನೇ ಚಿತ್ರಕ್ಕೇ ಸುಕ್ಕಾಯಿತು, ಇನ್ನೊಂದು ಅರ್ಧ ಗಂಟೆ ಹಾಗೇ ಇತ್ತು. ಅದೇ ಔಷಧ, ಅದೇ ಹನಿ. ಯಾಕೆ ಹೀಗೆ ಅಂತ ಸರ್ ಈಗ ದಿನಾ ಕೇಳುತ್ತಾರೆ. ಮುಂದಿನ ವಾರ ಹೊಸ ಟಿಪ್ ಡಬ್ಬಿ ಬರುತ್ತದೆ. ಈ ಸಲ ಅದಕ್ಕೆ ಸಹಿ ಹಾಕಿದ್ದು ಅವರೇ.