ಕೂಸಿನ ಶ್ವಾಸಕೋಶದ ಗುಳ್ಳೆಗೆ ಆಪರೇಷನ್: ಮಲೆನಾಡಿನ ಮನೆಯವರ ತಯಾರಿ

ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಗುಳ್ಳೆ ಕಂಡಿದ್ದರೆ, ಹುಟ್ಟಿದ ಮೇಲೆ ಎಕ್ಸ್‌ರೇ ಸರಿಯಿದೆಯೆಂದು ಸುಮ್ಮನಾಗಬೇಡಿ. ಅದರಲ್ಲಿ ಕಾಣದ್ದು ಸಿ.ಟಿ.ಯಲ್ಲಿ ಕಾಣುತ್ತದೆ. ಉಸಿರಾಟಕ್ಕೆ ತೊಂದರೆಯಿದ್ದರೆ ಆಪರೇಷನ್ ಕೂಡಲೇ. ಇಲ್ಲದಿದ್ದರೆ, ಮಾಡುವುದೆಂದಾದರೆ, ಸಾಮಾನ್ಯವಾಗಿ 3ರಿಂದ 12 ತಿಂಗಳೊಳಗೆ ಗುಳ್ಳೆಯಿರುವ ಹಾಲೆಯನ್ನು (ಶ್ವಾಸಕೋಶದ ಒಂದು ಭಾಗವನ್ನು) ತೆಗೆಯುತ್ತಾರೆ. ಸೋಂಕು ತಗುಲಿದ ಮೇಲೆ ಅಂಟಿಕೊಂಡ ಭಾಗವನ್ನು ಬಿಡಿಸುವುದು ಕಷ್ಟ.

ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರು ಹಿಂದಿನ ದಿನವೇ ಹೊರಡಿ, ಮಳೆಗಾಲದಲ್ಲಂತೂ ಖಂಡಿತ. ಅರಿವಳಿಕೆಗೆ 4 ಗಂಟೆ ಮೊದಲು ಎದೆಹಾಲು, 6 ಗಂಟೆ ಮೊದಲು ಡಬ್ಬಿಹಾಲು ನಿಲ್ಲಬೇಕು. ಅಳುತ್ತದೆಂದು ಅಜ್ಜಿ ಗುಟ್ಟಾಗಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿದೀತು. ಆಪರೇಷನ್ ಮುಂದಕ್ಕೆ ಹೋಗುತ್ತದೆ.

ಮನೆಗೆ ಬಂದಮೇಲೆ, ಮಲಗಿದಾಗ ಉಸಿರನ್ನು ಪೂರ್ತಿ 1 ನಿಮಿಷ ಎಣಿಸಿ. 2 ತಿಂಗಳು ದಾಟಿದ ಕೂಸಿಗೆ 50 ಮುಟ್ಟಿದರೆ ಅಥವಾ ಪಕ್ಕೆ ಒಳಸೆಳೆದರೆ 108ಕ್ಕೆ ಕರೆಮಾಡಿ. ಬಚ್ಚಲೊಲೆಯ ಹೊಗೆ ಬರುವ ಕೋಣೆಯಲ್ಲಿ ತೊಟ್ಟಿಲು ಬೇಡ.